ಜೀವಕೋಶದ ಜುಗ್ಗತನ

ಗಾಜಿನ ತಟ್ಟೆಯಲ್ಲಿದ್ದ ಜೀವಕೋಶಗಳು ಸಂಶೋಧಕಿಗೆ ಸೊಪ್ಪು ಹಾಕುತ್ತಿರಲಿಲ್ಲ. ರಕ್ತನಾಳದ ಒಳಗೋಡೆಯಿಂದ ತೆಗೆದು ಬೆಳೆಸಿದ ಕೋಶಗಳವು. ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೊರಬಿಟ್ಟು ರಕ್ತನಾಳವನ್ನು ಸಡಿಲಿಸುವುದು ಅವುಗಳ ಕೆಲಸ. ಅದನ್ನು ತಯಾರಿಸುವ ಕಿಣ್ವ ಒಳಗೆ ಬೇಕಾದಷ್ಟಿತ್ತು. ಆದರೂ ಅನಿಲ ಪತ್ತೆಹಚ್ಚಲೆಂದು ಅವಳು ಬೆರೆಸಿದ್ದ, ಅದು ಸಿಕ್ಕೊಡನೆ ಹಸಿರಾಗಿ ಹೊಳೆಯಬೇಕಿದ್ದ ಬಣ್ಣ ಮಂಕಾಗಿಯೇ ಉಳಿದಿತ್ತು.

“ಶುದ್ಧ ಜುಗ್ಗ ಮುಂಡೇವು,” ಎಂದು ಗೊಣಗಿದಳು.

“ಜುಗ್ಗತನ ಅಲ್ಲ ಕಣೇ,” ಎಂದರು ಪ್ರಯೋಗಾಲಯದ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ದೊಡ್ಡಮ್ಮ. “ಪೊರೆಯಲ್ಲಿರೋ ಒಂದು ಪ್ರೋಟೀನು ಆ ಕಿಣ್ವನ ಹಿಡಿದು ಕೂರಿಸಿದೆ. ಕೋಶದೊಳಗೆ ಕ್ಯಾಲ್ಸಿಯಂ ಏರಿದಾಗ ಅದನ್ನ ಬಿಡುತ್ತೆ.”

ಅಷ್ಟೇ ತಾನೆ ಎಂದುಕೊಂಡ ಆಕೆ, ಕ್ಯಾಲ್ಸಿಯಂ ಒಳನುಗ್ಗಿಸುವ ಔಷಧವನ್ನು ಧಾರಾಳವಾಗಿ ಸುರಿದಳು. ತಟ್ಟೆ ಹಸಿರಾಯಿತು. ಹಿಗ್ಗಿನಲ್ಲಿ ಕುಣಿಯುತ್ತಲೇ ಮನೆಗೆ ಹೋದಳು.

ಮನೆಯಲ್ಲಿ ಅಮ್ಮ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಮುಖ ಬಿಳಿಚಿತ್ತು.

“ಎದೆ ಹಿಡ್ಕೊಂತು. ನಾಲಿಗೆ ಕೆಳಗೆ ಮಾತ್ರೆ ಇಟ್ಕೊಂಡೆ, ಹಗುರ ಆಯ್ತು. ಪೂರ್ತಿ ಹೋಗ್ಲಿ ಅಂತ ಇನ್ನೆರಡು ಇಟ್ಕೊಂಡೆ. ತಲೆ ಗಿರ್ರ್ ಅಂತಿದೆ.”

ಮಗಳು ಓಡಿಬಂದು ನಾಡಿ ಹಿಡಿದು ನೋಡಿದಳು. ಆ ಮಾತ್ರೆ ದೇಹದಲ್ಲಿ ಬಿಡುವುದೂ ಅದೇ ಅನಿಲ. ನಾಳಗಳು ಅತಿಯಾಗಿ ಸಡಿಲಗೊಂಡು ರಕ್ತದೊತ್ತಡ ಕುಸಿದಿತ್ತು. ಅಮ್ಮನನ್ನು ಮಲಗಿಸಿ, ಕಾಲಡಿಗೆ ದಿಂಬು ಕೊಟ್ಟು, ವೈದ್ಯರಿಗೆ ಫೋನ್ ಮಾಡಿ, ಅವರು ಹೇಳಿದಂತೆ ಮಾಡುತ್ತಾ, ಮುಖಕ್ಕೆ ಕಳೆ ಬರುವವರೆಗೂ ಕೈ ಹಿಡಿದು ಕೂತಳು.

ಮರುದಿನ ನೋಡಿದರೆ ತಟ್ಟೆಯ ಕೋಶಗಳು ಕ್ಯಾಲ್ಸಿಯಂ ಅತಿಯಾಗಿ ಸತ್ತು ಮುದುಡಿ, ತಳ ಬಿಟ್ಟು ತೇಲುತ್ತಿದ್ದವು. ದೊಡ್ಡಮ್ಮ ಇಣುಕಿ ನೋಡಿ, ಅವಳ ಬೆನ್ನು ತಟ್ಟಿ ಹೋದರು.

ಹೊಸ ಕೋಶಗಳನ್ನು ಬೆಳೆಸಿದಳು. ಈ ಸಲ ಔಷಧದ ಗೊಡವೆಗೆ ಹೋಗದೆ, ನಾಳದಲ್ಲಿ ರಕ್ತ ಹರಿಯುವ ಹಾಗೆ, ಸಣ್ಣ ಪಂಪಿನಿಂದ ಅವುಗಳ ಮೇಲೆ ದ್ರವ ಹರಿಸಿದಳು. ಹಸಿರು ಮೆಲ್ಲಗೆ ಏರಿತು. ಪಂಪು ನಿಲ್ಲಿಸಿದಾಗ ಏರುವುದೂ ನಿಂತಿತು. ಮತ್ತೆ ಹರಿಸಿದಳು, ಮತ್ತೆ ಏರತೊಡಗಿತು. ಕೋಶಗಳು ತಳಕ್ಕೆ ಅಂಟಿಕೊಂಡು ಗಟ್ಟಿಮುಟ್ಟಾಗಿದ್ದವು.

“ಎಷ್ಟು ಬೇಕೋ ಅಷ್ಟೇ ಕೊಡ್ತಾವಮ್ಮ,” ಎಂದು ಸಂಜೆ ಅಮ್ಮನಿಗೆ ಹೇಳಿದಳು. “ಹರಿವು ಬಂದು ಸವರಿದ್ರೆ ಸಾಕು. ಮೇಲೆ ಬಿದ್ದು ಕಿತ್ಕೊಂಡ್ರೆ ಸತ್ತೇ ಹೋಗ್ತಾವೆ.”

“ನಿಮ್ಮಪ್ಪನೂ ಹಾಗೇ ಇದ್ರು,” ಎಂದಳು ಅಮ್ಮ. “ಗದರಿದ್ರೆ ಜಪ್ಪಯ್ಯ ಅಂದ್ರೂ ಜಗ್ತಿರ್ಲಿಲ್ಲ. ಹೆಗಲ ಮೇಲೆ ಕೈ ಇಟ್ರೆ ಮನೆಯೆಲ್ಲ ಗುಡಿಸಿಬಿಡೋರು.”

ತಾಯಿ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.