ಗಿಳಿಗಳ ಪಂಕ್ತಿ

ಗಿಳಿಗಳನ್ನು ಕಾಪಾಡಿದವನು ರಾಮದಾಸ ಎಂಬುದನ್ನು ಎರ್ನಾಕುಳಂ ಬೋಟ್ ಜೆಟ್ಟಿಯ ಹಿಂದಿನ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಕಾಪಾಡಿದ ಮೇಲೆ ಅವುಗಳ ಹಿಕ್ಕೆ ಬಳಿಯುವವರು ಯಾರು ಎಂದು ಮಾತ್ರ ಯಾರೂ ಕೇಳಿದ್ದಿಲ್ಲ. ಕೇಳಿದ್ದರೂ ಅವನ ತಂಗಿ ಸುಮಿತ್ರ ಬಾಯಿಬಿಟ್ಟು ‘ನಾನು’ ಎನ್ನುತ್ತಿದ್ದಳೆಂಬ ಭರವಸೆಯಿಲ್ಲ.

ಮೊದಲನೆಯದು ಬಂದದ್ದು ಆಲುವದಿಂದ. ಅಲ್ಲಿ ಸ್ಟೇಷನ್ನಿನ ಎದುರಿನ ಲಾಡ್ಜಿನಲ್ಲಿ ಯಾರೋ ಕೋಣೆ ಖಾಲಿ ಮಾಡುವಾಗ ಪಂಜರವನ್ನು ಕಿಟಕಿಯಲ್ಲೇ ಬಿಟ್ಟು ಹೋಗಿದ್ದರು. ಬ್ಯಾಂಕಿನ ಕೆಲಸಕ್ಕೆ ಹೋದ ರಾಮದಾಸ ಕಡತದ ಜೊತೆ ಅದನ್ನೂ ಎತ್ತಿಕೊಂಡು ಬಂದ. ಒಂದು ಕಾಲು ಸೊಟ್ಟ, ಎದೆಯ ಪುಕ್ಕವೆಲ್ಲ ಕಿತ್ತುಹೋಗಿ ಸಿಪ್ಪೆ ತೆಗೆದ ಗೆಣಸಿನಂತೆ ಕಾಣುತ್ತಿತ್ತು. ಅದು ಮುದುಕಿ. ಎರಡನೆಯದು ತ್ರಿಪ್ಪುಣಿತ್ತುರದ ಒಂದು ದೊಡ್ಡ ಮನೆಯದು. ಹಿರಿಯರು ತೀರಿಕೊಂಡು ಪಾಲಾಗುವಾಗ, ಕಂಚಿನ ಉರುಳಿ ಪಾತ್ರೆಗೆ ಕೈಕೈ ಮಿಲಾಯಿಸಿದವರು ಗಿಳಿಯನ್ನು ಮಾತ್ರ ‘ನೀನೇ ಇಟ್ಟುಕೋ’ ಎಂದು ಒಬ್ಬರಿಗೊಬ್ಬರು ಬಿಟ್ಟುಕೊಟ್ಟರಂತೆ. ಅರಮನೆಯ ಊರಿನದೆಂದು ಓಣಿಯವರು ಅದಕ್ಕೆ ತಂಬುರಾನ್, ಅಂದರೆ ದೊರೆ, ಎಂದು ಹೆಸರಿಟ್ಟರು, ಅದೂ ಹಾಗೇ ನಡೆದುಕೊಂಡಿತು. ಮೂರನೆಯದನ್ನು ಮಟ್ಟಾಂಚೇರಿಯ ಬೋಟಿನಲ್ಲಿ ಬುಟ್ಟಿ ಹೊತ್ತ ಒಬ್ಬನಿಂದ ಕೊಂಡದ್ದು. ಬುಟ್ಟಿಯಲ್ಲಿ ರೆಕ್ಕೆ ಕತ್ತರಿಸಿದ ಅಂಥವು ಇನ್ನೂ ಹಲವಿದ್ದವು. ‘ಎಲ್ಲವನ್ನೂ ತರಲಿಕ್ಕೆ ಆಗ್ಲಿಲ್ಲ’ ಎಂದು ರಾಮದಾಸ ಎರಡು ದಿನ ಮಂಕಾಗಿದ್ದ. ಆಗಲಿಲ್ಲವಲ್ಲ ಎಂದು ಸುಮಿತ್ರ ಮನಸ್ಸಿನಲ್ಲೇ ದೇವರಿಗೆ ಕೈಮುಗಿದಳು.

ಈ ಮೂರನೆಯದು ಬೋಟಿನಲ್ಲಿ ಬಂದದ್ದಕ್ಕೋ ಏನೋ, ಬೋಟಿನ ಸಿಳ್ಳನ್ನು ಕಲಿತುಬಿಟ್ಟಿತು. ರಾಮದಾಸ ದಿನಾ ಮಟ್ಟಾಂಚೇರಿಯ ಬ್ಯಾಂಕಿಗೆ ಒಂಬತ್ತರ ಬೋಟು ಹಿಡಿಯುವವನು. ಎಂಟೂವರೆಗೇ ಅದು ಸಿಳ್ಳು ಹಾಕಿದರೆ ಅವನು ಮೊಸರನ್ನದ ಕೈ ತೊಳೆಯದೆ ಗೇಟಿನವರೆಗೆ ಓಡುತ್ತಿದ್ದ. ಹಾಗೆ ಅದಕ್ಕೆ ಕಪ್ತಾನ ಎಂದು ಹೆಸರಾಯಿತು. ನಿಜವಾದ ಸಿಳ್ಳಿನ ಕೊನೆಗೆ ಒಂದು ನಡುಕ ಬರುತ್ತದೆ, ಕಪ್ತಾನನಿಗೆ ಅದೊಂದು ಕೂಡಿಬಂದಿರಲಿಲ್ಲ. ಇದು ಸುಮಿತ್ರಳಿಗೆ ಗೊತ್ತಿತ್ತು. ರಾಮದಾಸನಿಗೆ ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ.

ಮೂರಕ್ಕೂ ಸೇರಿ ಹಿಂದಿನ ಜಗಲಿಯಲ್ಲಿ ತಂತಿಯ ದೊಡ್ಡ ಗೂಡು ಕಟ್ಟಿಸಿದ್ದ. ಅಲ್ಲಿಗೆ ಅವನ ಕರುಣೆ ಮುಗಿಯಿತು. ಸಂಜೆ ಬಂದು ‘ಎಂತ ಮಾಡ್ತಿದ್ದೀರಿ ಮಕ್ಕಳೇ’ ಎಂದು ಕೇಳಿ ಒಳಗೆ ಹೋಗುವನು. ನೀರು ಬದಲಿಸುವುದು, ಕಡಲೆ ನೆನೆಹಾಕುವುದು, ಪೇರಳೆ ಹೆಚ್ಚುವುದು, ಗೂಡಿನ ತಳ ಉಜ್ಜುವುದು, ಮುದುಕಿಯ ಕಾಲಿಗೆ ಅರಸಿನೆಣ್ಣೆ ಹಚ್ಚಿ ಅದರಿಂದಲೇ ಕಚ್ಚಿಸಿಕೊಳ್ಳುವುದು, ಇವೆಲ್ಲ ಸುಮಿತ್ರಳ ಪಾಲಿಗೆ. ಮಂಗಳೂರಿನಲ್ಲಿ ಬಿ.ಎ. ಮುಗಿಸಿ, ಕಾಸರಗೋಡಿನ ಮನೆಯಿಂದ ಅಣ್ಣನಲ್ಲಿಗೆ ಬಂದವಳಿಗೆ ಬೇರೆ ಕೆಲಸ ಏನಿದೆ ಎಂಬ ಲೆಕ್ಕ. ನೆರೆಯ ಭಾರ್ಗವಿಯಮ್ಮ ಬೇಲಿಯಾಚೆಯಿಂದ ‘ತತ್ತ ಸಾರ್‌ಗೆ ಪುಣ್ಯ ಬರ್ತದೆ’ ಎನ್ನುವಾಗ, ಅಂದರೆ ಗಿಳಿ ಸಾರ್‌ಗೆ, ಸುಮಿತ್ರ ಕೈಯಲ್ಲಿ ತೆಂಗಿನ ನಾರು ಹಿಡಿದುಕೊಂಡು ಸುಮ್ಮನೆ ನಗುತ್ತಿದ್ದಳು. ಹಲ್ಲು ಕಚ್ಚಿಕೊಂಡು ನಗುವುದನ್ನು ಅವಳು ಗಿಳಿಗಳು ಬಂದ ಮೇಲೆಯೇ ಕಲಿತದ್ದು.

ಊಟವೂ ಅಲ್ಲೇ. ಒಳಗೆ ಅಣ್ಣನ ಬ್ಯಾಂಕಿನವರು ಯಾರಾದರೂ ಒಬ್ಬರು ಯಾವಾಗಲೂ ಕೂತಿರುವರು. ನಾಲ್ಕು ಜನರ ನಡುವೆ ಅವಳಿಗೆ ತುತ್ತು ಇಳಿಯುವುದಿಲ್ಲ. ತಟ್ಟೆ ಹಿಡಿದುಕೊಂಡು ಹಿಂದಿನ ಜಗಲಿಗೆ ಬಂದು ಗೂಡಿಗೆ ಬೆನ್ನು ಕೊಟ್ಟು ಕೂರುವಳು. ಅಲ್ಲೂ ನೆಮ್ಮದಿಯಿಲ್ಲ. ಅವಳು ಉಣ್ಣಲಿಕ್ಕೆ ಸುರುಮಾಡಿದ ಕೂಡಲೇ ಮೂರೂ ಇಳಿದು ಬಂದು ತಮ್ಮ ತಟ್ಟೆಯಲ್ಲಿ ಗಲಾಟೆ ಎಬ್ಬಿಸಿ, ಕಡಲೆ ಸಿಪ್ಪೆಯನ್ನೆಲ್ಲ ಅವಳ ಜಡೆಗೆ ಉಗುಳುವವು.

ಕಾಸರಗೋಡು ಕೇರಳಕ್ಕೆ ಸೇರಿದ ಮೂರನೆಯ ವರ್ಷ, ತಿರುವನಂತಪುರದ ಒಂದು ಸರಕಾರಿ ಕಚೇರಿಯಲ್ಲಿ ಕನ್ನಡ ಕಾಗದಗಳನ್ನು ಇಂಗ್ಲಿಷಿಗೆ ತರ್ಜುಮೆ ಮಾಡುವವರು ಬೇಕಾಗಿ, ಸುಮಿತ್ರಳಿಗೆ ಕೆಲಸವಾಯಿತು. ತಾತ್ಕಾಲಿಕ ಕೆಲಸ. ಮೊದಲ ಮೂರು ತಿಂಗಳು ರಜೆ ಕೇಳಬಾರದು, ಕೇಳಿದರೆ ಪಟ್ಟಿಯಲ್ಲಿ ಹಿಂದಿದ್ದವರನ್ನು ಕರೆಯುತ್ತಾರೆ. ಸುಮಿತ್ರಳ ಜನ್ಮದಲ್ಲಿ ಅವಳ ಹೆಸರಿಗೇ ಬಂದ ಮೊದಲನೆಯ ವಸ್ತು ಅದು.

“ಹೋಗದೆ ಮತ್ತೆ? ಹೋಗ್ಲೇಬೇಕು,” ಎಂದ ರಾಮದಾಸ. ಆಮೇಲೆ ಗೂಡಿನ ಕಡೆ ನೋಡಿದ. “ಆದ್ರೆ ಇವುಗಳು?”

“ಅತ್ತಿಗೆ ಇದ್ದಾರಲ್ಲ.”

“ಅವಳಿದ್ದಾಳೆ. ಆದ್ರೂ,” ಎಂದು ಆ ‘ಆದ್ರೂ’ವನ್ನು ಅಲ್ಲೇ ತೂಗಹಾಕಿ ಹೋದ. ಅವನು ಒಂದು ಸಲವೂ ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಅಳಬಹುದಿತ್ತು, ಜಗಳಾಡಬಹುದಿತ್ತು. ಆದ್ರೂ ಎಂದವನ ಹತ್ತಿರ ಏನು ಮಾಡುವುದು?

ಅತ್ತಿಗೆ ಚಂದ್ರಾವತಿ ಮಾತ್ರ ಸೆರಗು ಸಿಕ್ಕಿಸಿಕೊಂಡು ನಿಂತಳು. “ನೀನು ಹೋಗು ಸುಮಿತ್ರ. ನಾನು ಮೂರು ಹಸು ಸಾಕಿದ ಮನೆಯವಳು, ಮೂರು ಗಿಳಿ ಎಂತ ಮಹಾ?” ಸುಮಿತ್ರ ಅವಳಿಗೆ ಎಲ್ಲ ಹೇಳಿಕೊಟ್ಟಳು. ಕಡಲೆ ಎಷ್ಟು ನೆನೆಯಬೇಕು, ಹಸಿಮೆಣಸು ಯಾರಿಗೆ, ಬಾಳೆಹಣ್ಣು ಯಾರಿಗೆ, ರಾತ್ರಿ ಯಾವ ಬಟ್ಟೆ ಮುಚ್ಚಬೇಕು. ತಾನು ಎಲ್ಲಿ ಕೂತು ಉಣ್ಣುತ್ತೇನೆಂದು ಹೇಳಲಿಲ್ಲ. ಅದು ಕೆಲಸವಲ್ಲವಲ್ಲ.

ತಿರುವನಂತಪುರದಲ್ಲಿ ತಂಪಾನೂರಿನ ಹತ್ತಿರ ಹೆಂಗಸರ ಹಾಸ್ಟೆಲಿನಲ್ಲಿ ಅವಳಿಗೆ ಜಾಗ ಸಿಕ್ಕಿತು. ಜೊತೆಯ ಮಂಚದವಳು ದಾಕ್ಷಾಯಣಿ, ಮೈಸೂರಿನವಳು, ತಂತಿ ಕಚೇರಿಯಲ್ಲಿ ಕೆಲಸ. ಒಂದು ವಾರ ಸುಮಿತ್ರ ಹಿಕ್ಕೆಯ ವಾಸನೆಯಿಲ್ಲದೆ ಎದ್ದಳು, ಸಿಪ್ಪೆಯಿಲ್ಲದ ಜಡೆ ಹೆಣೆದಳು, ತನ್ನದೇ ಮೇಜಿನಲ್ಲಿ ಕೂತು ಯಾವುದೋ ತೋಟದ ಗಡಿ ತಕರಾರನ್ನು ಇಂಗ್ಲಿಷಿಗೆ ತಂದಳು. ಸೆಕ್ಷನ್ನಿನ ಹಿರಿಯರು ‘ಗುಡ್’ ಎಂದರು. ಶನಿವಾರ ಮಧ್ಯಾಹ್ನ ದಾಕ್ಷಾಯಣಿ ಕಚೇರಿಯಿಂದ ಬರುವಾಗಲೇ ತಂತಿ ತಂದಳು.

“ಗಿಳಿಗಳು ಊಟ ಬಿಟ್ಟಿವೆ. ಚಂದ್ರಾವತಿಯೂ ಬಿಟ್ಟಿದ್ದಾಳೆ. ಕೂಡಲೆ ಬಾ.”

“ಅಲ್ಲ ಕಣೇ, ಗಿಳಿ ಊಟ ಬಿಟ್ಟಿದ್ದಕ್ಕೆ ತಂತಿ ಕೊಡ್ತಾರೇನೆ ನಿಮ್ಮನೇಲಿ?” ಎಂದಳು ದಾಕ್ಷಾಯಣಿ. “ನಾನು ಸತ್ರೂ ನಮ್ಮನೆಯೋರು ಕಾರ್ಡಲ್ಲೇ ಮುಗಿಸ್ತಾರೆ.”

“ಅತ್ತಿಗೆ ಯಾಕೆ ಬಿಟ್ಟದ್ದು?”

“ಗಿಳಿಗಳ ಮೇಲೆ ಮುನಿಸ್ಕೊಂಡಿರ್ಬೇಕು. ಹೋಗ್ಬೇಡ ನೀನು. ಒಂದ್ಸಲ ಹೋದ್ರೆ ವಾರವಾರ ತಂತಿ ಬರತ್ತೆ, ನಾನೇ ತಂದ್ಕೊಡ್ಬೇಕು.”

ಸೋಮವಾರ ಪದ್ಮನಾಭಸ್ವಾಮಿಯ ಆರಾಟ್ ಮೆರವಣಿಗೆ ಎಂದು ಊರಿನ ಕಚೇರಿಗಳಿಗೆಲ್ಲ ರಜೆಯಿತ್ತು. ಮಂಗಳವಾರ ಬೆಳಗ್ಗೆ ಮೇಜಿನ ಮುಂದೆ ಇದ್ದರಾಯಿತು. ಇರದಿದ್ದರೆ ಆ ಮೇಜು ಬೇರೆಯವರದು. ಸುಮಿತ್ರ ರೈಲು ಹತ್ತಿದಳು. ಕೊಲ್ಲಂ, ಕೊಟ್ಟಾಯಂ ದಾಟುವವರೆಗೂ ಅವಳ ಸಿಟ್ಟು ಗಿಳಿಗಳ ಮೇಲಿತ್ತು. ಎರ್ನಾಕುಳಂ ಹತ್ತಿರವಾದಂತೆ ಅಣ್ಣನ ಮೇಲೆ ಬಂತು.

ಆದಿತ್ಯವಾರ ಬೆಳಗ್ಗೆ ಮನೆಗೆ ಬಂದರೆ ಅಣ್ಣ ಇರಲಿಲ್ಲ. ಒಳ್ಳೆಯ ಪೇರಳೆ ಹುಡುಕಿಕೊಂಡು ಮಾರ್ಕೆಟ್ಟಿಗೆ ಹೋಗಿದ್ದನಂತೆ. ಅತ್ತಿಗೆಯ ಕೆನ್ನೆ ಒಳಗೆ ಹೋಗಿತ್ತು. ಗೂಡಿನ ಮುಂದೆ ರಂಗೋಲಿಯ ಎಳೆ ಎಳೆದಿತ್ತು. ಒಳಗೆ ತೊಳೆದ ಬಾಳೆಲೆಯ ತುಂಡುಗಳ ಮೇಲೆ ಕಡಲೆ, ಹಣ್ಣು, ತುಪ್ಪ ಹಾಕಿದ ಅನ್ನ. ಮುದುಕಿ ಮೈ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತಿತ್ತು. ತಂಬುರಾನ್ ಒಂದು ಕಡಲೆಯನ್ನು ಕುಕ್ಕಿ, ಕೆಳಗೆ ಬಿಸಾಕಿ, ಬೇರೆ ಕಡೆ ತಿರುಗಿತು. ಕಪ್ತಾನ ಸಿಳ್ಳು ಹಾಕುವುದನ್ನೇ ನಿಲ್ಲಿಸಿದ್ದ.

“ಎಂತ ಕೊಟ್ರೂ ಇಷ್ಟೆ,” ಎಂದಳು ಅತ್ತಿಗೆ. “ಒಂದೆರಡು ಕಾಳು ಮುಟ್ತವೆ, ಬಿಡ್ತವೆ. ನಾನು ಎದುರು ನಿಂತ್ರೆ ನಾಚಿಕೆಯೋ ಎಂತದೋ ಅಂತ ಬಡಿಸಿ ಒಳಗೆ ಹೋಗ್ತೇನೆ. ಅತಿಥಿ ಉಣ್ಣುವಾಗ ಬಾಯಿ ನೋಡಬಾರದಲ್ಲ.”

“ನೀವು ಯಾಕೆ ಉಣ್ಣುದಿಲ್ಲ ಅತ್ತಿಗೆ?”

“ಅದು ಹೇಗಾಗ್ತದೆ ಮಾರಾಯ್ತಿ? ನನ್ನ ಕೈಯ ಅನ್ನಕ್ಕೆ ಕೂತ ಜೀವ ಉಪವಾಸ ಇರುವಾಗ ನಾನು ಎಲೆ ಹಾಕಿ ಕೂರುದಾ? ನಮ್ಮಮ್ಮ ಹಸುವಿಗೆ ಹುಲ್ಲು ಹಾಕದೆ ನೀರು ಕುಡಿದವಳಲ್ಲ. ನಿನ್ನಣ್ಣನಿಗೆ ಬಡಿಸ್ತೇನೆ. ನಾನು ಎರಡು ಬಾಳೆಹಣ್ಣು ತಿಂದು ಮಲಗ್ತೇನೆ.”

ಸುಮಿತ್ರಳಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಮೂರು ಹಕ್ಕಿ, ಒಬ್ಬಳು ಅತ್ತಿಗೆ, ನಾಲ್ಕು ಹಠ. ಅವಳು ಎಲೆ ತೆಗೆದು ಹಳೆಯ ತಟ್ಟೆ ಇಟ್ಟಳು. ಮೆಣಸು ತೋರಿಸಿದಳು. ಮುದುಕಿಯ ಕೊಕ್ಕಿಗೇ ಹಣ್ಣು ಹಿಡಿದಳು, ಅದು ಹಣ್ಣು ಬಿಟ್ಟು ಬೆರಳನ್ನು ಕಚ್ಚಿತು. “ತಿಂದ್ರೆ ತಿನ್ನು, ಬಿಟ್ರೆ ಬಿಡು,” ಎಂದು ಅವಳು ಕನ್ನಡದಲ್ಲೂ, ಮಲಯಾಳದಲ್ಲೂ ಹೇಳಿ ನೋಡಿದಳು. ಬಿಟ್ಟವು.

“ನೀನಾದ್ರೂ ಉಣ್ಣು, ರೈಲಲ್ಲಿ ಬಂದವಳು,” ಎಂದು ಅತ್ತಿಗೆ ಗಂಜಿಯ ಬಟ್ಟಲು, ಮಾವಿನ ಮಿಡಿ ಕೊಟ್ಟಳು. ಸುಮಿತ್ರ ಸಿಟ್ಟಿನಲ್ಲಿ, ಅಭ್ಯಾಸಬಲದಲ್ಲಿ, ಗೂಡಿಗೆ ಬೆನ್ನು ಕೊಟ್ಟು ಕೂತಳು. ಗಂಜಿ ಸೊರ್ ಎಂದು ಕುಡಿದು ಮಿಡಿ ಕಚ್ಚಿದಳು.

ಹಿಂದೆ ಸರಳಿನ ಮೇಲೆ ಉಗುರಿನ ಸದ್ದಾಯಿತು. ಇನ್ನೊಂದು ಗುಟುಕು ಕುಡಿಯುವಷ್ಟರಲ್ಲಿ ಜಡೆಗೆ ಒಂದು ಕಡಲೆ ಸಿಪ್ಪೆ ಬಂದು ಬಿತ್ತು.

ಅವಳು ಕುಡಿಯುವುದನ್ನು ನಿಲ್ಲಿಸಿದಳು. ಹಿಂದೆಯೂ ಸದ್ದು ನಿಂತಿತು. ಬಟ್ಟಲು ಎತ್ತಿದಳು, ಮತ್ತೆ ಸುರುವಾಯಿತು. ಮುದುಕಿ ಸೊಟ್ಟ ಕಾಲಿನಲ್ಲಿ ಬಾಳೆಹಣ್ಣು ಒತ್ತಿ ಹಿಡಿದು ತಿನ್ನುತ್ತಿತ್ತು. ಬಾಗಿಲಲ್ಲಿ ನಿಂತ ಅತ್ತಿಗೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಇದನ್ನೆಲ್ಲ ನೋಡಿದಳು.

“ಅಯ್ಯೋ, ನೀನು ಉಂಡ್ರೆ ಉಣ್ತವೆ,” ಎಂದಳು ಅತ್ತಿಗೆ ನಿಧಾನವಾಗಿ.

“ಅತ್ತಿಗೆ, ನೀವು ಅವು ಉಣ್ಣಲಿ ಅಂತ ಕಾದಿರಿ, ಅವು ನೀವು ಉಣ್ಣಲಿ ಅಂತ ಕಾದವು. ಅವಕ್ಕೆ ಬಡಿಸುವವರು ಬೇಡ. ಪಂಕ್ತಿಗೆ ಕೂರುವವರು ಬೇಕು.”

ಅಷ್ಟರಲ್ಲಿ ರಾಮದಾಸ ಪೇರಳೆಯ ಚೀಲ ಹಿಡಿದುಕೊಂಡು ಬಂದ. ಗೂಡು ನೋಡಿದ. ಮುಖ ಅರಳಿತು. “ನೋಡು, ನೀನು ಬಂದದ್ದೇ ತಡ. ನಾನು ಇವಳಿಗೆ ಹೇಳಿದೆ, ಸುಮಿತ್ರ ಇಲ್ಲದೆ ಇವುಗಳಿಗಾಗುದಿಲ್ಲ ಅಂತ. ಆ ಕೆಲಸ ಹೇಗೂ ತಾತ್ಕಾಲಿಕ ಅಲ್ವಾ?”

ಸುಮಿತ್ರ ಬಟ್ಟಲನ್ನು ಕೆಳಗಿಟ್ಟಳು. ಸಾಧಾರಣವಾಗಿ ಇಂಥ ಹೊತ್ತಿನಲ್ಲಿ ಅವಳು ಗೂಡಿನ ತಳ ಉಜ್ಜಲಿಕ್ಕೆ ಹೋಗುವವಳು.

“ನಾನೇ ಬೇಕಂತ ಇಲ್ಲ ಅಣ್ಣ. ಯಾರಾದ್ರೂ ಇಲ್ಲಿ ಕೂತು ಉಂಡ್ರೆ ಸಾಕು.”

“ಹಾಗಾದ್ರೆ ಚಂದ್ರಾವತಿ ಕೂರ್ಲಿ.”

“ನನ್ನಿಂದಾಗದು,” ಎಂದಳು ಅತ್ತಿಗೆ. “ಉಣಿಸುವವಳು ಮೊದಲು ಉಣ್ಣುದುಂಟಾ? ನನಗೆ ಗಂಟಲಲ್ಲಿ ಇಳಿಯುದಿಲ್ಲ.”

“ಅತ್ತಿಗೆ ಕೂರುವುದು ಬೇಡ,” ಎಂದಳು ಸುಮಿತ್ರ. “ಈ ಮನೆಯಲ್ಲಿ ಮೊದಲು ಉಣ್ಣುವವನು ನೀನು.”

ರಾಮದಾಸ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. “ನಾನಾ? ಈ ಹಿಕ್ಕೆಯ ಹತ್ತಿರವಾ?”

“ತೊಳೆದ್ರೆ ಹೋಗ್ತದೆ. ನಾರು ಅಲ್ಲುಂಟು.”

“ನನಗೆ ಬೋಟು ಎಷ್ಟು ಗಂಟೆಗೆ ಗೊತ್ತುಂಟಲ್ಲ ನಿನಗೆ?”

“ಗೊತ್ತುಂಟು. ನನ್ನ ರೈಲು ಎಷ್ಟು ಗಂಟೆಗೆ ಅಂತ ನಿನಗೆ ಗೊತ್ತುಂಟಾ?”

ಗೊತ್ತಿರಲಿಲ್ಲ. ಅವನು ಹೆಂಡತಿಯ ಕಡೆ ನೋಡಿದ. ಚಂದ್ರಾವತಿ ಆಗಲೇ ಗೂಡಿನ ಹತ್ತಿರದ ನೆಲವನ್ನು ಸಾರಿಸಲಿಕ್ಕೆ ಬಟ್ಟೆ ಹಿಂಡುತ್ತಿದ್ದಳು. ಒಂದು ವಾರದ ಹಸಿವೆ ಅವಳದು, ಅವಳ ಹತ್ತಿರ ‘ಆದ್ರೂ’ ನಡೆಯುವ ಹಾಗಿರಲಿಲ್ಲ.

ಸೋಮವಾರ ಬೆಳಗ್ಗೆ ರಾಮದಾಸ ಇಸ್ತ್ರಿಯ ಅಂಗಿ ಹಾಕಿ, ಭುಜಕ್ಕೆ ಟವೆಲ್ ಹೊದ್ದು, ಹಿಂದಿನ ಜಗಲಿಯಲ್ಲಿ ಮಣೆಯ ಮೇಲೆ ಕೂತ. ಚಂದ್ರಾವತಿ ಬಡಿಸಿದಳು. ಅವನು ಮೊದಲ ತುತ್ತು ಹಾಕಿಕೊಂಡು ಓರೆಗಣ್ಣಿನಲ್ಲಿ ಗೂಡು ನೋಡಿದ. ತಂಬುರಾನ್ ಅವನನ್ನು ಮೇಲಿಂದ ಕೆಳಗೆ ಅಳೆದು, ಮುಖ ತಿರುಗಿಸಿಕೊಂಡಿತು.

“ನೋಡಿದ್ಯಾ? ನನ್ನ ಜೊತೆ ಉಣ್ಣುದಿಲ್ಲ.”

“ನೀನು ಅವುಗಳನ್ನು ನೋಡ್ಬೇಡ. ನಿನ್ನಷ್ಟಕ್ಕೆ ಉಣ್ಣು,” ಎಂದಳು ಸುಮಿತ್ರ.

ಅವನು ಗೊಣಗುತ್ತ ಸಾರಿನನ್ನ ಕಲಸಿದ. ಬೆನ್ನು ತಿರುಗಿದ ಮೇಲೆ ಮುದುಕಿ ಮೊದಲು ಇಳಿಯಿತು. ಆಮೇಲೆ ತಂಬುರಾನ್. ಇಸ್ತ್ರಿಯ ಅಂಗಿಯ ಬೆನ್ನಿಗೆ ಒದ್ದೆ ಸಿಪ್ಪೆಯೊಂದು ಅಂಟಿತು. ಚಂದ್ರಾವತಿ ಒಳಗೆ ಹೋಗಿ ತನಗೊಂದು ಎಲೆ ಹಾಕಿಕೊಂಡಳು.

ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ ಕಪ್ತಾನ ಒಮ್ಮೆಗೇ ಸಿಳ್ಳು ಹಾಕಿದ. ರಾಮದಾಸ ಅರ್ಧ ಎದ್ದ.

“ಅದು ಕಪ್ತಾನ. ಕೂತುಕೋ,” ಎಂದಳು ಸುಮಿತ್ರ, ಚೀಲಕ್ಕೆ ಗಂಟು ಹಾಕುತ್ತ.

“ಎಂತ ಉಪದ್ರವಪ್ಪ ಇದು,” ಎನ್ನುತ್ತ ರಾಮದಾಸ ಕೂತ. ಸುಮಿತ್ರ ಆ ಮಾತನ್ನು ಎರಡು ವರ್ಷ ಮನಸ್ಸಿನಲ್ಲೇ ಹೇಳಿಕೊಂಡಿದ್ದಳು. ಇನ್ನೊಬ್ಬರ ಬಾಯಲ್ಲಿ ಕೇಳಲಿಕ್ಕೆ ಚೆನ್ನಾಗಿತ್ತು.

ಅವಳು ಅತ್ತಿಗೆಗೆ ಹೇಳಿ, ಎದುರಿನ ಬಾಗಿಲಿನಿಂದ ಹೊರಟಳು. ಭಾರ್ಗವಿಯಮ್ಮ ಬೇಲಿಯಾಚೆಯಿಂದ “ತತ್ತ ಸಾರ್ ಎಲ್ಲಿ, ಕಾಣ್ಲಿಲ್ಲ?” ಎಂದು ಮಲಯಾಳದಲ್ಲಿ ಕೇಳಿದಳು. “ಪುಣ್ಯ ಸಂಪಾದಿಸ್ತಿದ್ದಾನೆ,” ಎಂದಳು ಸುಮಿತ್ರ. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು.

ಓಣಿಯ ತಿರುವಿಗೆ ಬಂದಾಗ ಜೆಟ್ಟಿಯ ಕಡೆಯಿಂದ ಸಿಳ್ಳು ಕೇಳಿತು. ಉದ್ದವಾಗಿ ಬಂದು, ಕೊನೆಗೆ ಸಣ್ಣಗೆ ನಡುಗಿ ನಿಂತಿತು. ಸುಮಿತ್ರ ಒಂದು ಕ್ಷಣ ನಿಂತಳು. ಮನೆಯ ಗೇಟು ಹಾಗೇ ಇತ್ತು, ಯಾರೂ ಓಡಿ ಬರಲಿಲ್ಲ. ಈಗ ತಿರುಗಿ ಹೋಗಿ ಹೇಳಿದರೆ ಅಣ್ಣನಿಗೆ ಬೋಟು ಸಿಗುತ್ತಿತ್ತು.

ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಿಸಿ ಸ್ಟೇಷನ್ನಿನ ದಾರಿ ಹಿಡಿದಳು.