ಎರಡೂವರೆ ಮೀಟರ್ ಬೆಂಕಿ

ತಪ್ಪು ನನ್ನದೇ. ಯಾರೂ ಕೇಳದ ಪ್ರಶ್ನೆಯನ್ನು ನಾನು ಕೇಳಿದೆ. ಅದೂ ಬರಹದಲ್ಲಿ, ನಾಲ್ಕು ಪುಟ, ಮೂರು ಅನುಬಂಧಗಳ ಸಮೇತ.

ನಮ್ಮ ಸಂಘ ಬಹರೈನಿನಲ್ಲಿ ವರ್ಷಕ್ಕೊಂದು ಯಕ್ಷಗಾನ ಆಡುತ್ತದೆ. ವರ್ಷವಿಡೀ ಆಫೀಸು, ಅಂಗಡಿ, ಗ್ಯಾರೇಜುಗಳಲ್ಲಿ ದುಡಿಯುವವರು ಆ ಒಂದು ಸಂಜೆ ದೇವತೆಗಳಾಗುತ್ತಾರೆ, ರಾಜರಾಗುತ್ತಾರೆ. ರಾಕ್ಷಸ, ಎಂದರೆ ಬಣ್ಣದ ವೇಷ, ಮಾತ್ರ ಹತ್ತೊಂಬತ್ತು ವರ್ಷಗಳಿಂದ ಒಬ್ಬರೇ: ರಿಫಾದಲ್ಲಿರುವ ಏಸಿ ಮೆಕ್ಯಾನಿಕ್ ಕಿಟ್ಟಣ್ಣ. ಅವರಿಗೆ ಈಗ ಅರವತ್ತೊಂದು. ಈ ಸಲದ ಆಟ ಮುಗಿದ ನಾಲ್ಕನೇ ದಿನಕ್ಕೆ ವೀಸಾ ರದ್ದು ಮಾಡಿಸಿ ಊರಿಗೆ ಹೊರಡುವವರಿದ್ದರು.

"ಊರಲ್ಲಿ ನನಗೆ ಯಾರು ಬಣ್ಣದ ವೇಷ ಕೊಡ್ತಾರೆ ಸುಧೀರಣ್ಣ?" ಎಂದು ಒಂದು ಶುಕ್ರವಾರ ಬೆಳಿಗ್ಗೆ ನಮ್ಮ ಬುಸೈತೀನಿನ ಫ್ಲ್ಯಾಟಿಗೆ ಬಂದು ಕೇಳಿದರು. "ಅಲ್ಲಿ ಮೇಳದವರು ಇದ್ದಾರೆ. ನಾನು ಮುಂದಿನ ಸಾಲಲ್ಲಿ ಕೂತು ಕಡ್ಲೆ ತಿನ್ಬೇಕು ಅಷ್ಟೆ. ಇಷ್ಟು ವರ್ಷ ಕೆಂಪು ಲೈಟಲ್ಲೇ ಬಂದೆ. ಇದೊಂದು ಸಲ ರಾಳ ಹಾರಿಸಿ ಬರ್ಬೇಕು ಅಂತ ಆಸೆ."

ಊರಿನ ಬಯಲಾಟಗಳಲ್ಲಿ ರಾಕ್ಷಸ ರಂಗಕ್ಕೆ ಬರುವಾಗ ಎರಡು ಕಡೆಯಲ್ಲೂ ದೊಂದಿ ಹಿಡಿದವರಿರುತ್ತಾರೆ. ಅವನು ಮುಷ್ಟಿ ತುಂಬ ರಾಳದ ಹುಡಿ ತೆಗೆದು ಆ ದೊಂದಿಯ ಮೇಲೆ ಎರಚುತ್ತಾನೆ. ಭಗ್ಗನೆ ಬೆಂಕಿ ಆಕಾಶಕ್ಕೆ ಏಳುತ್ತದೆ. ರಾಳದ ಗಟ್ಟಿಗೆ ಕಡ್ಡಿ ಗೀರಿದರೆ ಅದು ಸುಮ್ಮನೆ ಹೊಗೆಯಾಡುತ್ತದೆ. ಹುಡಿ ಮಾಡಿ ಗಾಳಿಗೆ ಎಸೆದರೆ ಪ್ರತಿ ಕಣಕ್ಕೂ ಸುತ್ತ ಗಾಳಿ ಸಿಕ್ಕಿ ಒಮ್ಮೆಲೇ ಉರಿಯುತ್ತದೆ. ನಾನು ಒಂದು ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರಜ್ಞ. ಇಂಥದ್ದನ್ನು ಕಂಡರೆ ನನಗೆ ಅಳೆಯಬೇಕೆನಿಸುತ್ತದೆ.

ಅಳೆದೆ. ಮನೆಯ ಹಿಂದಿನ ಖಾಲಿ ಜಾಗದಲ್ಲಿ ಕಿಟ್ಟಣ್ಣ ಐದು ಸಲ ಎರಚಿದರು. ನಾನು ಟೇಪು ಹಿಡಿದು ನಿಂತೆ. ಸರಾಸರಿ ಎರಡೂವರೆ ಮೀಟರ್. ನನ್ನ ಎಡಗಡೆಯ ಹುಬ್ಬು ಹೋದದ್ದು ಮೂರನೆಯ ಪ್ರಯೋಗದಲ್ಲಿ.

"ಆಟ ಆಗುವ ಸಭಾಂಗಣದವರಿಗೆ ಹೇಳದೆ ಮಾಡಿದರೆ ಆಗ್ತದೆ," ಎಂದರು ಕಿಟ್ಟಣ್ಣ.

"ಇಲ್ಲ, ಅನುಮತಿ ತೆಗೆದುಕೊಳ್ಳೋಣ. ಇದು ಪರದೇಶ," ಎಂದೆ ನಾನು.

ಪತ್ರ ಬರೆಯಲು ಎರಡು ವಾರ ಹಿಡಿಯಿತು. ಬೆಂಕಿಯೊಂದನ್ನೇ ಹೇಳಿ ಉಳಿದದ್ದನ್ನು ಮುಚ್ಚಿಟ್ಟರೆ ಸರಿಯಾಗದು ಎಂದು ಅನುಬಂಧದಲ್ಲಿ ಎಲ್ಲವನ್ನೂ ಪಟ್ಟಿ ಮಾಡಿದೆ. ಮರದ ಕತ್ತಿ ಐದು, ಗದೆ ಮೂರು, ತ್ರಿಶೂಲ ಒಂದು, ಬಾಣ ಹನ್ನೆರಡು, ತಿರುಗುವ ಚಕ್ರ ಒಂದು. ಪ್ರತಿಯೊಂದರ ಉದ್ದ, ತೂಕ, ಮೊನೆಯ ಹರಿತ. ಕೊನೆಯಲ್ಲಿ: "ದಹನಶೀಲ ಹುಡಿಯನ್ನು ಜ್ವಾಲೆಯ ಮೂಲಕ ಹಾಯಿಸಿ ಎರಡೂವರೆ ಮೀಟರ್ ದೂರಕ್ಕೆ ಬೆಂಕಿ ಎಸೆಯುವ ವಿಧಾನ. ನಿರ್ವಾಹಕ: ಒಬ್ಬ ರಾಕ್ಷಸ."

ನನ್ನ ಹೆಂಡತಿ ತೃಪ್ತಿ ಓದಿ ಕನ್ನಡಕ ತೆಗೆದಳು. "ಜುಫೈರಿನಲ್ಲಿ ಅಮೆರಿಕದ ನೌಕಾಪಡೆಯೇ ಉಂಟು. ಅವರೂ ಇಷ್ಟು ದೊಡ್ಡ ಪಟ್ಟಿ ಕೊಟ್ಟಿರ್ಲಿಕ್ಕಿಲ್ಲ."

"ನಿಖರವಾಗಿರಬೇಕು."

"ನಿಖರ ಅಲ್ಲ, ಇದು ಯುದ್ಧ ಘೋಷಣೆ."

ಅರ್ಜಿಗಳ ಕೆಲಸಕ್ಕೆ ನಮ್ಮ ಸಂಘದಲ್ಲಿ ಅಬೂಬಕರ್ ಇದ್ದರು. ಉಳ್ಳಾಲದವರು, ಒಂದು ಕಂಪನಿಯ ಮಂದೂಬ್. ಎಂದರೆ ಸರ್ಕಾರಿ ಕಚೇರಿಗಳಿಗೆ ಓಡಾಡಿ ಕಾಗದಪತ್ರ ಮಾಡಿಸುವವರು. ಅರಬಿ ನೀರು ಕುಡಿದಷ್ಟು ಸಲೀಸು. ಪತ್ರವನ್ನು ಅರಬಿಗೆ ಇಳಿಸುವಾಗ ಅವರು ಮೂರು ಸಲ ನನಗೆ ಫೋನ್ ಮಾಡಿದರು.

"ಸಾರ್, 'ನಾಟಕ ಉಂಟು, ಸ್ವಲ್ಪ ಬೆಂಕಿ ಉಂಟು' ಅಂತ ಬರೆದರೆ ಸಾಕಲ್ವಾ?"

"ಸ್ವಲ್ಪ ಎಂದರೆ ಎಷ್ಟು ಎಂದು ಅವರು ಕೇಳಿದರೆ?"

"ಯಾರೂ ಕೇಳುದಿಲ್ಲ ಸಾರ್. ನನ್ನ ಈ ನಲ್ವತ್ತು ವರ್ಷದ ಕೆಲಸದಲ್ಲಿ ಯಾರೂ ಕೇಳ್ಲಿಲ್ಲ."

ಪತ್ರ ಹೋಯಿತು. ಮೊದಲ ಕಚೇರಿಯವರು, ಇದು ಆಯುಧ, ನಮಗೆ ಸೇರಿದ್ದಲ್ಲ ಎಂದರು. ಆಯುಧದವರು, ಇದು ಬೆಂಕಿ, ನಮಗೆ ಸೇರಿದ್ದಲ್ಲ ಎಂದರು. ಬೆಂಕಿಯವರು ಪತ್ರವನ್ನು ಎರಡು ಸಲ ಓದಿ, ಮುಂದಿನ ಕುರ್ಚಿ ತೋರಿಸಿ, ಚಹಾ ತರಿಸಿದರು. ಅಬೂಬಕರ್ ನನ್ನ ಕಿವಿಯಲ್ಲಿ, "ಚಹಾ ಬಂತು ಅಂದರೆ ಕೆಲಸ ಉದ್ದ ಉಂಟು," ಎಂದರು.

ಅಧಿಕಾರಿ ಐವತ್ತರ ಆಸುಪಾಸಿನ ಒಬ್ಬ ಕ್ಯಾಪ್ಟನ್. ಶಾಂತ ಮುಖ. ಅವರ ಅರಬಿಯನ್ನು ಅಬೂಬಕರ್ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು.

"ಕತ್ತಿಯ ಬಗ್ಗೆ ತಕರಾರಿಲ್ಲ ಅಂತೆ. ಅವರ ಮದುವೆಯಲ್ಲೂ ಕತ್ತಿ ಹಿಡಿದು ಕುಣೀತಾರಂತೆ. ಗದೆಯ ಒಳಗೆ ಎಂತ ಉಂಟು ಅಂತ ಕೇಳ್ತಾರೆ."

"ಥರ್ಮೋಕೋಲ್."

"ಬೆಂಕಿಯ ಹುಡಿ ಎಲ್ಲಿಂದ ತಂದದ್ದು ಅಂತ."

"ಮನಾಮಾ ಪೇಟೆಯ ಧೂಪದ ಅಂಗಡಿಯಿಂದ."

ನಾನು ಡಬ್ಬಿ ತೆರೆದು ತೋರಿಸಿದೆ. ಕ್ಯಾಪ್ಟನ್ ಮೂಸಿ ನೋಡಿ ಹುಬ್ಬೇರಿಸಿದರು. "ಇದು ಮನೆಯಲ್ಲಿ ಹೊಗೆ ಹಾಕುವಂಥದ್ದು. ನನ್ನ ತಾಯಿಯ ಹತ್ತಿರವೂ ಇದೆ."

"ಗಟ್ಟಿಯಾಗಿದ್ದರೆ ಧೂಪ," ಎಂದೆ. "ಹುಡಿಯಾದರೆ, ಕಣದ ಗಾತ್ರ ಎಪ್ಪತ್ತೈದು ಮೈಕ್ರಾನಿಗಿಂತ ಕಡಿಮೆಯಾದರೆ, ನಿಮ್ಮ ತಾಯಿಯವರ ಹತ್ತಿರ ಇರುವುದೂ..."

ಅಬೂಬಕರ್ ಇದನ್ನು ಅನುವಾದಿಸಲಿಲ್ಲ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಬೆಂಕಿ ಉಗುಳುವ ಯಂತ್ರವನ್ನು ಜನಸಾಮಾನ್ಯರು ಲೈಸೆನ್ಸಿಲ್ಲದೆ ಇಟ್ಟುಕೊಳ್ಳಬಹುದು, ಒಂದೆರಡು ಕಡೆ ಮಾತ್ರ ತಡೆಯಿದೆ ಎಂದು ನಾನು ಓದಿ ತಿಳಿದುಕೊಂಡದ್ದನ್ನೂ ಅವರು ಅನುವಾದಿಸಲಿಲ್ಲ. ಮೇಜಿನ ಕೆಳಗೆ ನನ್ನ ಪಾದದ ಮೇಲೆ ತಮ್ಮ ಪಾದವಿಟ್ಟು ಕ್ಯಾಪ್ಟನರಿಗೆ ನಗೆ ಬೀರಿದರು.

ಕೊನೆಗೆ ಕ್ಯಾಪ್ಟನ್ ಹೇಳಿದ್ದು ಇಷ್ಟು: ಕಾಗದ ನೋಡಿ ತೀರ್ಮಾನಿಸಲಾಗದು. ಮಂಗಳವಾರ ಹತ್ತು ಗಂಟೆಗೆ ನಮ್ಮ ತರಬೇತಿ ಅಂಗಳದಲ್ಲಿ ಮಾಡಿ ತೋರಿಸಿ. ಬಟ್ಟೆಗೆ ಬೆಂಕಿ ತಗಲುತ್ತದೋ ಎಂದು ನೋಡಬೇಕು, ಆದ್ದರಿಂದ ನಿರ್ವಾಹಕ ಪೂರ್ತಿ ವೇಷದಲ್ಲಿರಬೇಕು. ಆಟ ಶುಕ್ರವಾರ.

ಬಣ್ಣದ ವೇಷಕ್ಕೆ ಮುಖವೊಂದಕ್ಕೇ ನಾಲ್ಕು ಗಂಟೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ತುಂಬ ಮುಳ್ಳುಮುಳ್ಳಾಗಿ ಚಿಟ್ಟಿ ಇಡಬೇಕು. ಕಿಟ್ಟಣ್ಣ ಮಂಗಳವಾರ ನಸುಕಿನಲ್ಲೇ ಕನ್ನಡಿಯ ಮುಂದೆ ಕೂತಿದ್ದರು. ಎಂಟೂವರೆಗೆ ನನ್ನ ಕಾರಿನ ಹಿಂದಿನ ಸೀಟನ್ನು ಪೂರ್ತಿ ತುಂಬಿಕೊಂಡು ಕೂತರು. ಕಿರೀಟ ಡಿಕ್ಕಿಯಲ್ಲಿ. ಏಸಿಯ ಗಾಳಿಗೆ ಚಿಟ್ಟಿ ಬಿರುಕು ಬಿಡುತ್ತದೆ, ಏಸಿ ಇಲ್ಲದಿದ್ದರೆ ಬೆವರಿಗೆ ಕರಗುತ್ತದೆ.

"ಇಪ್ಪತ್ತನಾಲ್ಕಕ್ಕೆ ಇಡಿ. ಗಾಳಿ ಕಾಲಿಗೆ ಬಿಡಿ," ಎಂದು ರಾಕ್ಷಸ ಹಿಂದಿನಿಂದ ಆಜ್ಞಾಪಿಸಿದ. "ಮತ್ತೆ ಈ ಕಂಪ್ರೆಸರ್ ಶಬ್ದ ಸರಿ ಇಲ್ಲ. ನಾನು ಹೋಗುವ ಮೊದಲು ಒಮ್ಮೆ ತನ್ನಿ."

ಸಿಗ್ನಲಿನಲ್ಲಿ ಪಕ್ಕದ ಕಾರಿನ ಹೆಂಗಸು ಇತ್ತ ತಿರುಗಿದಳು. ಕಿಟ್ಟಣ್ಣ ಮರ್ಯಾದೆಯಿಂದ ಕೈಯೆತ್ತಿ ಸಲಾಂ ಮಾಡಿದರು. ಅವಳು ಕೆಂಪು ದೀಪವನ್ನು ದಾಟಿಕೊಂಡು ಹೋದಳು.

ಅಂಗಳದಲ್ಲಿ ಆರು ಮಂದಿ ಅಗ್ನಿಶಾಮಕರು ನೀರಿನ ಪೈಪು ಹಿಡಿದು ನಿಂತಿದ್ದರು. ಒಂದು ದೊಂದಿಯನ್ನು ಅಬೂಬಕರ್ ಹಿಡಿದರು, ಇನ್ನೊಂದನ್ನು ದಪ್ಪ ಮೀಸೆಯ ಒಬ್ಬ ಅಗ್ನಿಶಾಮಕ. ಕ್ಯಾಪ್ಟನ್ ತಲೆಯಾಡಿಸಿದರು. ಕಿಟ್ಟಣ್ಣ ಕದಲಲಿಲ್ಲ.

"ಶುರು ಮಾಡಿ ಕಿಟ್ಟಣ್ಣ," ಎಂದೆ.

"ಚಂಡೆ?"

"ಚಂಡೆಯ ಸುಂದರನಿಗೆ ಡ್ಯೂಟಿ, ಗೊತ್ತುಂಟಲ್ಲ. ಇದು ಬರೀ ಪರೀಕ್ಷೆ."

"ಚಂಡೆ ಇಲ್ಲದೆ ರಾಕ್ಷಸ ಬರುದುಂಟಾ? ನಾನೆಂತ ಏಸಿ ರಿಪೇರಿಗೆ ಬಂದದ್ದಾ ಇಲ್ಲಿಗೆ?"

ಗೋಡೆಗೆ ಮರಳು ತುಂಬಿದ ಕೆಂಪು ಬಕೆಟುಗಳನ್ನು ತೂಗುಹಾಕಿದ್ದರು. ಕ್ಯಾಪ್ಟನರ ಅಪ್ಪಣೆ ಪಡೆದು ಒಂದನ್ನು ಖಾಲಿ ಮಾಡಿ ಬೋರಲು ಹಾಕಿ, ತೋರಿಸಲೆಂದು ತಂದಿದ್ದ ಎರಡು ಬಾಣಗಳಿಂದ ಬಡಿಯತೊಡಗಿದೆ. ಜನ್ಮದಲ್ಲಿ ಚಂಡೆ ಮುಟ್ಟಿದವನಲ್ಲ. ಆದರೆ ತಾಳದ ಏಳು ಮಾತ್ರೆಗಳನ್ನು ಎಣಿಸಲು ಬರುತ್ತದೆ.

ಕಿಟ್ಟಣ್ಣ ಎಲ್ಲಿಂದಲೋ ಒಂದು ಆರ್ಭಟ ತೆಗೆದರು. ಪೈಪು ಹಿಡಿದವನು ಒಂದು ಹೆಜ್ಜೆ ಹಿಂದೆ ಸರಿದ. ಮುಷ್ಟಿ ಬೀಸಿತು. ಬೆಳಗಿನ ಬಿಸಿಲಿನಲ್ಲೂ ಬೆಂಕಿ ಕಣ್ಣು ಕೋರೈಸುವಂತೆ ಎದ್ದು, ಸುರುಳಿ ಸುತ್ತಿ, ಧೂಪದ ಪರಿಮಳವಾಗಿ ಇಳಿಯಿತು. ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡು ಒಂದು ಮಾತು ಹೇಳಿದರು.

"ವರದಿಗೆ ವಿಡಿಯೋ ಬೇಕಂತೆ, ಮೊಬೈಲ್ ಒತ್ತಲಿಕ್ಕೆ ಮರ್ತದ್ದಂತೆ," ಎಂದರು ಅಬೂಬಕರ್. "ಇನ್ನೊಮ್ಮೆ."

ಇನ್ನೊಮ್ಮೆ ಆಯಿತು. ಕ್ಯಾಪ್ಟನ್ ವೇಷದ ಅಂಚುಗಳನ್ನು ಮುಟ್ಟಿ ನೋಡಿದರು. ನನ್ನ ಪತ್ರ ಬಿಡಿಸಿ, ನಗುತ್ತ ಹೇಳಿದರು: "ಇದು ಆಯುಧ ಅಲ್ಲ. ಹಾಗೆಂದು ನಾನೇ ಬರೆದುಕೊಡುತ್ತೇನೆ."

ನಾನು ಬಕೆಟಿನ ಮೇಲೊಂದು ಮುಕ್ತಾಯ ಬಾರಿಸಿದೆ. ಆದರೆ ಅವರ ಮಾತು ಮುಗಿದಿರಲಿಲ್ಲ. ಮೂರನೇ ಅನುಬಂಧದಲ್ಲಿ ನಾನು ಬರೆದಿದ್ದ ರಂಗಸ್ಥಳದ ನಕ್ಷೆಯ ಮೇಲೆ ಬೆರಳಿಟ್ಟರು.

"ರಾಕ್ಷಸ ನಿಲ್ಲುವ ಜಾಗದಿಂದ ಪರದೆಗೆ ಒಂದು ಮೀಟರ್ ಎಂಬತ್ತು ಸೆಂಟಿಮೀಟರ್. ಪರದೆ ಪಾಲಿಯೆಸ್ಟರ್. ಇದು ನೀವೇ ಬರೆದದ್ದು. ಬೆಂಕಿ ಎರಡೂವರೆ ಮೀಟರ್. ಅದೂ ನೀವೇ ಬರೆದದ್ದು. ಸಭಾಂಗಣದೊಳಗೆ ಹೇಗೆ ಬಿಡಲಿ?"

ಅಬೂಬಕರ್ ಇದನ್ನು ಅನುವಾದಿಸುವಾಗ ನನ್ನ ಮುಖ ನೋಡಲಿಲ್ಲ. ಎರಡೂವರೆ ಮೀಟರ್, ಒಂದು ಮೀಟರ್ ಎಂಬತ್ತಕ್ಕಿಂತ ಹೆಚ್ಚು. ನನ್ನ ಅಳತೆ ಸರಿಯಾಗಿತ್ತು. ಕ್ಯಾಪ್ಟನರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

"ಕಿಟ್ಟಣ್ಣ, ಕ್ಷಮಿಸಿ," ಎಂದೆ. "ಅಷ್ಟೆಲ್ಲ ಬರೆಯಬಾರದಿತ್ತು."

ಅವರು ನನ್ನ ಕಡೆ ತಿರುಗಿದರು. ಬಣ್ಣದ ಹಿಂದಿನ ಮುಖ ಏನು ಮಾಡುತ್ತಿದೆ ಎಂದು ತಿಳಿಯುವಂತಿರಲಿಲ್ಲ. ಆಮೇಲೆ ಡಬ್ಬಿಯನ್ನು ಅಲ್ಲಾಡಿಸಿ ನೋಡಿದರು.

"ಅರ್ಧ ಡಬ್ಬಿ ಉಂಟು. ಇದನ್ನು ಪ್ಲೇನಲ್ಲಿ ತಕ್ಕೊಂಡು ಹೋಗ್ಲಿಕ್ಕೂ ಆಗುದಿಲ್ಲ. ಇಲ್ಲಿ ಚಾವಣಿ ಇಲ್ಲ, ಪರದೆ ಇಲ್ಲ. ಇಲ್ಲೇ ಮುಗಿಸ್ಬಹುದಾ ಅಂತ ಕೇಳಿ ಅಬೂಬಕರ್."

ಅಬೂಬಕರ್ ಕೇಳಿದರು. ಕ್ಯಾಪ್ಟನ್ ಗಡಿಯಾರ ನೋಡಿದರು, ಕಟ್ಟಡದ ಕಡೆ ತಿರುಗಿ ಏನೋ ಕೂಗಿದರು. ಗುಮಾಸ್ತರು, ಅಡಿಗೆಯವರು, ಡ್ರೈವರುಗಳು, ಸ್ವಚ್ಛತೆಯ ಕೆಲಸದವರು ಒಬ್ಬೊಬ್ಬರಾಗಿ ಹೊರಗೆ ಬಂದರು. ನಲವತ್ತು ಜನ ಆಗಿರಬಹುದು. ಪೈಪಿನವನು ಪೈಪನ್ನು ಕಾಲಿನಡಿ ಒತ್ತಿಟ್ಟು ಎರಡೂ ಕೈಗಳಲ್ಲಿ ಮೊಬೈಲ್ ಹಿಡಿದ.

ಕಿಟ್ಟಣ್ಣ ಅಂಗಳದ ಆ ತುದಿಯವರೆಗೆ ನಡೆದುಹೋಗಿ ಬೆನ್ನು ತಿರುಗಿಸಿ ನಿಂತರು. ನಾನು ಬಾರಿಸಿದೆ. ಅವರು ಬಂದರು. ಬೆಂಕಿ ಎಡಕ್ಕೆ, ಬೆಂಕಿ ಬಲಕ್ಕೆ. ಮೀಸೆಯವನು ಅವರ ಜೊತೆಗೇ ಆರ್ಭಟಿಸತೊಡಗಿದ. ಜನ ವೃತ್ತವಾಗಿ ಒತ್ತಿಕೊಂಡು ಬಂದರು. ಸರಿಯಾಗಿ ನಡುವಿಗೆ ಬಂದು ತಲುಪಿದ್ದೇ ಕಿಟ್ಟಣ್ಣ ಥಟ್ಟನೆ ನಿಂತು ನನ್ನ ಕಡೆ ಕೈಮಾಡಿದರು.

"ತಾಳ ತಪ್ಪಿತು ಮಾರಾಯ್ರೆ! ಮೊದಲಿಂದ!"

ಮತ್ತೆ ಆ ತುದಿಗೆ ನಡೆದರು.

ತಾಳ ತಪ್ಪಿರಲಿಲ್ಲ. ನಾನು ಎಣಿಸುತ್ತಲೇ ಇದ್ದೆ. ಆದರೂ ಬಾಣಗಳನ್ನು ಎತ್ತಿಕೊಂಡು ಮೊದಲಿನಿಂದ ಶುರುಮಾಡಿದೆ.