ಬೆಟ್ಟದ ಮಳೆ ಎರಡು ಸಲ

ಹಾಲು ಉಕ್ಕುವ ಮೊದಲೇ ಒಲೆ ಆರಿಸಿ ಬಂದು ಕೂತವಳಿಗೆ ಪರದೆಯ ಮೇಲೆ ಮತ್ತೆ ಅದೇ ಕಂಡಿತು. ಬೆಟ್ಟದ ಕೇಂದ್ರ, ಇಪ್ಪತ್ತೆಂಟು ಮಿಲಿಮೀಟರ್. ಅದರ ಕೆಳಗೆ ಇನ್ನೊಮ್ಮೆ, ಬೆಟ್ಟದ ಕೇಂದ್ರ, ಇಪ್ಪತ್ತೆಂಟು ಮಿಲಿಮೀಟರ್.

ಹೊಳೆ ದಾಟಿಸುವ ದೋಣಿಗಳ ಕಚೇರಿಗೆ ಅವಳು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಏಳು ಹವಾಮಾನ ಕೇಂದ್ರಗಳು ಕಳಿಸುವ ಅಂಕಿಗಳ ಫೀಡ್ ಓದಿ, ದಿನದ ಮಳೆ ಕೂಡಿಸಿ, ದೋಣಿಕಟ್ಟೆಯ ಫಲಕಕ್ಕೆ ಒಂದು ಹಾಳೆ ತಯಾರಿಸುವ ಪುಟ್ಟ ಪ್ರೋಗ್ರಾಂ, ಆ ಸ್ಕ್ರಿಪ್ಟ್, ಅವಳು ಬರೆದದ್ದು. ಬೆಟ್ಟದಲ್ಲಿ ಐವತ್ತು ಮಿಲಿಮೀಟರ್ ದಾಟಿದರೆ ಹೊಳೆ ಏರುತ್ತದೆ, ದೋಣಿ ನಿಲ್ಲಬೇಕು. ನಿನ್ನೆ ಇಪ್ಪತ್ತೆಂಟು ಎರಡು ಸಲ ಸೇರಿ ಐವತ್ತಾರಾಯಿತು. ಹೊಳೆ ಮೆಲುಕು ಹಾಕುವ ಹಸುವಿನಂತೆ ತಣ್ಣಗಿದ್ದರೂ ಒಂದು ದೋಣಿಯೂ ದಡ ಬಿಡಲಿಲ್ಲ.

ಬೆಳಿಗ್ಗೆಯೇ ಕಚೇರಿಯ ಮೇಲಧಿಕಾರಿಯ ಫೋನು ಬಂದಿತ್ತು. "ನೋಡಮ್ಮ, ಸಂಜೆ ಐದರೊಳಗೆ ಸರಿ ಹೋದ್ರೆ ಸರಿ. ಇಲ್ಲಾಂದ್ರೆ ಬೆಟ್ಟದ ಕೇಂದ್ರಾನ ಪಟ್ಟಿಯಿಂದ ತೆಗೆದುಬಿಡು. ಬೇರೆ ಆರೂ ಕಡೆ ಮಿಷನ್ನೇ ಲೆಕ್ಕ ಕಳಿಸುತ್ತೆ, ತಕರಾರಿಲ್ಲ. ಅಲ್ಲೊಂದೇ ಇನ್ನೂ ಮನುಷ್ಯ ತಾರಸಿ ಹತ್ತಿ ಇಳಿಯೋದು."

ಪಟ್ಟಿಯಿಂದ ತೆಗೆದರೆ ಆ ಕೇಂದ್ರಕ್ಕೆ ಬೀಗ ಬಿದ್ದ ಹಾಗೆಯೇ ಎಂದು ಇಬ್ಬರಿಗೂ ಗೊತ್ತಿತ್ತು. ಅಲ್ಲಿ ಇಪ್ಪತ್ತಾರು ವರ್ಷ ಮಳೆ ಅಳೆದವರು ತೀರಿಹೋದ ಅವಳ ಅಪ್ಪ ಎಂಬುದು ಮಾತ್ರ ಮೇಲಧಿಕಾರಿಗೆ ಗೊತ್ತಿರಲಿಲ್ಲ. ಅವಳೂ ಹೇಳಲಿಲ್ಲ.

ಮೊದಲು ತನ್ನ ತಪ್ಪನ್ನೇ ಹುಡುಕಿದಳು. ಫೀಡನ್ನು ಎರಡು ಸಲ ತರುತ್ತಿದೆಯೇ? ಇಲ್ಲ. ಹಳೆಯ ಹಾಳೆಯ ಕೆಳಗೇ ಹೊಸದನ್ನು ಅಂಟಿಸುತ್ತಿದೆಯೇ? ಅದೂ ಇಲ್ಲ. ಒಂದೇ ಸಾಲು ಎರಡು ಸಲ ಬಂದರೆ ಬಿಡು ಎಂದು ಬರೆದಳು. ಆದರೂ ಎರಡು ಬಂದವು. ನಡುವೆ ಎದ್ದು ಬಟ್ಟೆ ಹಿಂಡಿ ಹರವಿ ಬಂದಳು.

"ಬೆಳಗಿಂದ ಅದರ ಮುಖಾನೇ ನೋಡ್ತಿದ್ದೀಯಲ್ಲೇ," ಎಂದರು ಮೇಜಿನ ಆಚೆ ಬಟಾಣಿ ಸುಲಿಯುತ್ತಿದ್ದ ಅಮ್ಮ. "ಗಂಡನ ಮುಖ ಇಷ್ಟು ನೋಡಿದ್ರೆ ಅವನೂ ಬದಲಾಗ್ತಿದ್ದ."

"ಅವರಾದ್ರೂ ಒಂದು ಮಾತು ಒಂದೇ ಸಲ ಹೇಳ್ತಾರಮ್ಮ. ಇದು ಎರಡೆರಡು ಸಲ ಹೇಳುತ್ತೆ."

ಕೊನೆಗೆ ಫೀಡನ್ನೇ ತೆರೆದು, ಅಕ್ಕಿಯಲ್ಲಿ ಕಲ್ಲು ಹುಡುಕುವವಳಂತೆ ಸಾಲು ಸಾಲಾಗಿ ಓದಿದಳು. ಆಗ ಕಂಡಿತು. ಎರಡೂ ಒಂದೇ ಸಾಲಲ್ಲ. ಮೊದಲನೆಯದು ಬೆಳಿಗ್ಗೆ ಎಂಟು ಗಂಟೆಗೆ ಕಳಿಸಿದ್ದು, ಎರಡನೆಯದು ಎಂಟೂಕಾಲಿಗೆ. ಪ್ರತಿದಿನವೂ ಹಾಗೆಯೇ. ಮಳೆಯಿಲ್ಲದ ಸಂಜೆಯ ಸೊನ್ನೆ ಕೂಡ ಐದಕ್ಕೊಮ್ಮೆ, ಐದೂಕಾಲಿಗೊಮ್ಮೆ. ಸ್ಕ್ರಿಪ್ಟ್ ತಪ್ಪು ಓದುತ್ತಿರಲಿಲ್ಲ. ಬೆಟ್ಟದಿಂದಲೇ ಎರಡು ಸಲ ಬರುತ್ತಿತ್ತು.

ಬೆಟ್ಟಕ್ಕೆ ಫೋನು ಮಾಡಿದಳು. ಅಲ್ಲಿ ಈಗಿದ್ದವರು ಅಪ್ಪನ ಸಹಾಯಕರಾಗಿದ್ದವರು. ಮಾತು ಮಾತಿಗೂ ಗಡಿಯಾರ ನೋಡುತ್ತಿದ್ದರಿಂದ ಚಿಕ್ಕಂದಿನಲ್ಲಿ ಅವಳೇ ಅವರಿಗೆ ಗಡಿಯಾರ ಮಾಮ ಎಂದು ಹೆಸರಿಟ್ಟಿದ್ದಳು.

"ಎರಡು ಸಲ ಯಾಕೆ ಅಂದ್ರೆ?" ಮಾಮನಿಗೇ ಆಶ್ಚರ್ಯ. "ನಿಮ್ಮಪ್ಪ ಕಲಿಸಿದ್ದೇ ಹಾಗಲ್ವಾ ಮಗಳೇ? ಹತ್ತಿ ನೋಡು, ಇಳಿದು ಹೇಳು. ಕಾಲು ಗಂಟೆ ಬಿಟ್ಟು ಮತ್ತೆ ಹತ್ತಿ ನೋಡು, ಮತ್ತೆ ಹೇಳು. ಆಮೇಲೇ ಮಳೆಮಾಪಕದ ನೀರು ಚೆಲ್ಲು. ಕೆಳಗೆ ದೋಣಿ ಕಚೇರಿಯ ಗುಮಾಸ್ತರು ಎರಡನೇದು ಕೇಳಿದ ಮೇಲೇ ಪುಸ್ತಕದಲ್ಲಿ ಬರೀತಿದ್ರು."

ಆ ಗುಮಾಸ್ತರು ನಿವೃತ್ತರಾಗಿ ಎರಡು ವಾರವಾಗಿತ್ತು. ಅವರ ಕುರ್ಚಿಗೆ ಬಂದದ್ದು ಇವಳ ಸ್ಕ್ರಿಪ್ಟ್. ಈ ಪದ್ಧತಿಯನ್ನು ಅದಕ್ಕೆ ಯಾರೂ ಹೇಳಿರಲಿಲ್ಲ.

"ಅಮ್ಮ, ಅಪ್ಪ ಮಳೆ ನೋಡೋಕೆ ಎರಡು ಸಲ ಹತ್ತುತ್ತಿದ್ದದ್ದು ನೆನಪಿದೆಯಾ?"

"ನೆನಪಿಲ್ದೆ ಏನು! ಕೇಂದ್ರದ ಪಕ್ಕದಲ್ಲೇ ಮನೆ, ಬಡಿಸಿದ ತಟ್ಟೆ ಬಿಟ್ಟು ಎದ್ದು ಹೋಗೋರು. ತಾರಸಿ ಏನು ನಿಮ್ಮ ಅತ್ತೆ ಮನೇನಾ, ಹೋದಷ್ಟೂ ಮರ್ಯಾದೆ ಸಿಗೋಕೆ ಅಂತಿದ್ದೆ." ಅಮ್ಮನ ಬೆರಳು ಬಟಾಣಿಯ ಮೇಲೆ ನಿಂತಿತು. "ಒಂದು ಸಲವೂ ತಿರುಗಿ ಜಗಳ ಆಡಲಿಲ್ಲ ಪುಣ್ಯಾತ್ಮ. ಬಂದು ತಣ್ಣಗಾದದ್ದನ್ನೇ ಉಣ್ಣೋರು."

ಅವಳಿಗೂ ನೆನಪಿತ್ತು. ರಜೆಯ ದಿನ ಅಪ್ಪನ ಜೊತೆ ಹೋಗಿ ಕಬ್ಬಿಣದ ಮೆಟ್ಟಿಲ ಬುಡದಲ್ಲಿ ನಿಲ್ಲುತ್ತಿದ್ದಳು. ಮೇಲಿನಿಂದ ಅಪ್ಪ ಅಂಕಿ ಕೂಗಬೇಕು, ಅವಳು ನೋಟುಪುಸ್ತಕದಲ್ಲಿ ಬರೆಯಬೇಕು. ಪುಸ್ತಕ ನೆನೆಯದಂತೆ ಲಂಗದೊಳಗೆ ಬಚ್ಚಿಟ್ಟುಕೊಂಡು ಬರೆದ ಅಂಕಿ ಕೆಲವೊಮ್ಮೆ ಅವಳಿಗೇ ಅರ್ಥವಾಗುತ್ತಿರಲಿಲ್ಲ. ಅಪ್ಪ ಬೈಯುತ್ತಿರಲಿಲ್ಲ. "ಹೇಗೂ ಇನ್ನೊಂದು ಸಲ ಹತ್ತೋದಿದೆಯಲ್ಲ ಕಂದ," ಎನ್ನುತ್ತಿದ್ದರು.

ಕಣ್ಣೊರೆಸಿಕೊಂಡು ಕೆಲಸಕ್ಕೆ ಕೂತಳು. ಒಂದೇ ಕೇಂದ್ರದಿಂದ ಒಂದೇ ಗಂಟೆಯ ಅಂಕಿ ಎರಡು ಬಂದರೆ ಮೊದಲನೆಯದನ್ನು ಇಟ್ಟುಕೊ, ಎರಡನೆಯದನ್ನು ಬಿಡು. ಎರಡು ವಾರದ ಫೀಡನ್ನೆಲ್ಲ ಮತ್ತೆ ಓಡಿಸಿದಳು. ಹಾಳೆ ಗುಡಿಸಿದ ಅಂಗಳದ ಹಾಗೆ ಚೊಕ್ಕಟವಾಯಿತು. ನಾಲ್ಕೂವರೆ. ಕಳಿಸುವ ಮೊದಲು, ಅಭ್ಯಾಸಬಲದಿಂದ, ಬಿಟ್ಟುಹೋದ ಸಾಲುಗಳ ಮೇಲೂ ಕಣ್ಣಾಡಿಸಿದಳು.

ಕಳೆದ ಬುಧವಾರ. ಎಂಟು ಗಂಟೆಗೆ ಇಪ್ಪತ್ತಾರು. ಎಂಟೂಕಾಲಿಗೆ ಅರವತ್ತೆರಡು.

ಕಳಿಸಲು ಹೊರಟ ಬೆರಳನ್ನು ಹಿಂತೆಗೆದಳು. ಆ ದಿನ ಹೊಳೆ ದೋಣಿಕಟ್ಟೆಯ ಮೂರನೇ ಮೆಟ್ಟಿಲು ನುಂಗಿತ್ತು. ತಾನು ಈಗ ಮಾಡಿದ ರಿಪೇರಿ ಅಂದೇ ಇದ್ದಿದ್ದರೆ ಫಲಕದ ಮೇಲೆ ಇಪ್ಪತ್ತಾರು ಎಂದಿರುತ್ತಿತ್ತು, ದೋಣಿಗಳು ಜನರನ್ನು ತುಂಬಿಕೊಂಡು ಹೊರಟಿರುತ್ತಿದ್ದವು.

ಮತ್ತೆ ಫೋನು.

"ಅವತ್ತಾ? ಕನ್ನಡಕದ ಮೇಲೆಲ್ಲ ನೀರು," ಮಾಮನ ದನಿ ಇಳಿಯಿತು. "ಅಂಕಿ ತಿರುವಿ ಒತ್ತಿಬಿಟ್ಟಿದ್ದೆ. ಎರಡನೇ ಸಲ ಹತ್ತಿದಾಗ ಗೊತ್ತಾಯ್ತು. ವಯಸ್ಸಾಯ್ತಲ್ಲ ಮಗಳೇ. ಯಾರಿಗೂ ಹೇಳ್ಬೇಡ."

"ಹೇಳಲ್ಲ ಮಾಮ."

ಒಂದು ಸಾಲು ಅಳಿಸಿ ಇನ್ನೊಂದು ಬರೆದಳು. ಎರಡು ಬಂದರೆ ಕೊನೆಯದನ್ನು ಇಟ್ಟುಕೊ. ಮತ್ತೆ ಓಡಿಸಿದಳು. ಬುಧವಾರ ಅರವತ್ತೆರಡು, ನಿನ್ನೆ ಇಪ್ಪತ್ತೆಂಟು. ಐದಕ್ಕೆ ಎಂಟು ನಿಮಿಷ ಇರುವಾಗ ಕಳಿಸಿದಳು.

ಐದು ದಾಟಿದ ಮೇಲೆ ಮೇಲಧಿಕಾರಿ ಕರೆ ಮಾಡಿದರು. "ಸರಿಯಾಗಿದೆಯಮ್ಮ. ಬೆಟ್ಟ ಪಟ್ಟಿಯಲ್ಲೇ ಇರಲಿ. ಆದ್ರೂ ಆ ಮನುಷ್ಯನಿಗೆ ಒಂದೇ ಸಲ ಕಳಿಸೋಕೆ ಹೇಳ್ಬಾರದಾ?"

"ಬೇಡ ಸರ್. ಎರಡನೇದನ್ನೇ ನಾವು ನಂಬೋದು. ಅವರು ಎರಡು ಸಲ ಹತ್ತಿದ್ರೆ ನಮ್ಮದೇನು ಗಂಟು ಹೋಗುತ್ತೆ?"

ಆ ಕಡೆ ಸ್ವಲ್ಪ ನಗು, ಆಮೇಲೆ "ಆಗಲಿ" ಎಂಬ ಮಾತು.

ಸುದ್ದಿ ಹೇಳಲು ಬೆಟ್ಟಕ್ಕೆ ಫೋನು ಮಾಡಿದಳು. ಮಾಮ ಎಲ್ಲ ಕೇಳಿ, "ಐದೂಕಾಲಾಯ್ತು ಮಗಳೇ, ಸಂಜೆಯದಕ್ಕೆ ಎರಡನೇ ಸಲ ಹತ್ತಬೇಕು," ಎಂದವರು ಫೋನು ಆರಿಸುವುದನ್ನೇ ಮರೆತು ಹೊರಟರು. ಕಬ್ಬಿಣದ ಮೆಟ್ಟಿಲ ಮೇಲೆ ಹೆಜ್ಜೆ ಒಂದೊಂದಾಗಿ, ನಿಂತು ನಿಂತು, ಮೇಲಕ್ಕೆ ಹೋಗುವುದು ಕೇಳಿಸಿತು. ಅವಳು ಫೋನನ್ನು ಅಮ್ಮನ ಕಿವಿಗೆ ಹಿಡಿದಳು.